ಆಗಸ್ಟ್‌ನಲ್ಲಿ ಸರಿ ಹೊಡೆದ ರೈಫಲ್ ನವೆಂಬರ್‌ನಲ್ಲಿ ಯಾಕೆ ತಪ್ಪುತ್ತದೆ? ಸ್ಟಾಕ್‌ನ ದೋಷ ಹುಡುಕುವ ಕೈಪಿಡಿ

ಹೋದ ವರ್ಷ ನವೆಂಬರ್ ಮೊದಲ ವಾರ ಒಂದು ಫೋನ್ ಬಂತು. ಹಾಸನದ ಕಡೆಯ ಹುಡುಗ, ಇಲ್ಲಿ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಆರು ವರ್ಷ ಆಗಿದೆ. "ಅಣ್ಣಾ, ಆಗಸ್ಟ್‌ನಲ್ಲಿ 100 ಗಜಕ್ಕೆ ನಟ್ಟನಡುವೆ ಹೊಡೀತಿತ್ತು. ಇವತ್ತು ನಾಲ್ಕು ಇಂಚು ಬಲಕ್ಕೆ ಹೋಗ್ತಿದೆ. ಸ್ಕೋಪ್ ಕೆಟ್ಟಿತಾ? ಬ್ಯಾರೆಲ್ ಸವೆದಿದೆಯಾ? ಹೊಸ ರೈಫಲ್ ತಗೊಂಡುಬಿಡ್ಲಾ?"

ಜಿಂಕೆ ಸೀಸನ್‌ಗೆ ಎರಡು ವಾರ ಬಾಕಿ ಇತ್ತು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ (ನವೆಂಬರ್‌ನ ನಾಲ್ಕನೇ ಗುರುವಾರ) ಮುಂಚಿನ ಶನಿವಾರ ಶುರುವಾಗಿ 9 ದಿನ ನಡೆಯುತ್ತದೆ. ಅವನದು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ .30-06 (ತೋಟಾದ ಅಳತೆಯ ಹೆಸರು) ಬೋಲ್ಟ್ ಆಕ್ಷನ್, ಅಂದರೆ ಬೋಲ್ಟ್ ಅನ್ನುವ ಹಿಡಿ ಕೈಯಲ್ಲಿ ಎಳೆದು ತಳ್ಳಿ ತೋಟಾ ತುಂಬುವಂಥದ್ದು, ವಾಲ್‌ನಟ್ ಮರದ ಸ್ಟಾಕ್. ಸ್ಟಾಕ್ ಅಂದರೆ ಕೋವಿಯ ಉಕ್ಕಿನ ಭಾಗ ಕೂರುವ, ನಾವು ಭುಜಕ್ಕಿಟ್ಟು ಹಿಡಿಯುವ ಮೈ. ನಾನು ಕೇಳಿದ್ದು ಒಂದೇ ಮಾತು: "ಆಗಸ್ಟ್‌ನಿಂದ ಇಲ್ಲಿವರೆಗೆ ರೈಫಲ್ ಎಲ್ಲಿ ಇಟ್ಟಿದ್ದೆ?" ಅವನು ಹೇಳಿದ, "ಬೇಸ್‌ಮೆಂಟ್‌ನಲ್ಲಿ, ಫರ್ನೇಸ್ ಪಕ್ಕದ ಕಪಾಟಿನಲ್ಲಿ."

ಫರ್ನೇಸ್ ಅಂದರೆ ಮನೆ ಬಿಸಿ ಮಾಡುವ ಒಲೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಈ ಬರಹ ಅವನಂಥವರಿಗೆ. ರೈಫಲ್ ಹೊಸದಾಗಿ ಆರಿಸುವವರಿಗೂ ಬೇಕಾಗುತ್ತದೆ, ಯಾಕೆಂದರೆ ಯಾವ ಸ್ಟಾಕ್ ಯಾವ ರೀತಿ ಕೈ ಕೊಡುತ್ತದೆ ಅಂತ ಗೊತ್ತಿದ್ದರೆ ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಒಂದು ಮಾತು ಮೊದಲೇ ಹೇಳುತ್ತೇನೆ. ಭಾರತದಲ್ಲಿ ಜಿಂಕೆ, ಕಡವೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾನು ಹೇಳುತ್ತಿರುವುದು ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಮಾಡುವ ಬಿಳಿಬಾಲದ ಜಿಂಕೆಯ ಬೇಟೆಯ ಬಗ್ಗೆ. ಇಲ್ಲಿಯೂ ಸುಮ್ನೆ ಹೋಗಿ ರೈಫಲ್ ತಗೊಳ್ಳಲು ಆಗುವುದಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ತರಬೇತಿ ಮುಗಿಸಬೇಕು. ನಿಮ್ಮ ವೀಸಾದ ವಿಷಯ ಗೊತ್ತಿರುವ ವಕೀಲರನ್ನು ಒಮ್ಮೆ ಕೇಳಿಯೇ ಮುಂದೆ ಹೋಗಿ.

ನಾಲ್ಕು ಇಂಚು ಅಂದರೆ ಎಷ್ಟು ದೊಡ್ಡದು

ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲ, ಊಟದ ಸಣ್ಣ ತಟ್ಟೆಯಷ್ಟು. ಗುಂಡು ಅಲ್ಲಿ ಬಿದ್ದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ತಟ್ಟೆಯ ನಡುವೆ ಗುರಿ ಇಟ್ಟು ನಾಲ್ಕು ಇಂಚು ಬಲಕ್ಕೆ ಹೋದರೆ ನೀವು ತಟ್ಟೆಯ ಅಂಚಿನಲ್ಲಿದ್ದೀರಿ. 200 ಗಜದಲ್ಲಿ ಅದೇ ತಪ್ಪು ಎಂಟು ಇಂಚು ಆಗುತ್ತದೆ. ಜಿಂಕೆ ಎಡಕ್ಕೆ ಮುಖ ಮಾಡಿ ನಿಂತಿದ್ದರೆ ಆ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ತಿಂದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ಸಿಗುವುದೂ ಇಲ್ಲ. ನಾನು ಈ ವಿಷಯದಲ್ಲಿ ಇಷ್ಟು ಹಟ ಮಾಡುವುದು ಇದಕ್ಕೇ.

ಹಾಗಾಗಿ ಒಂದು ವ್ಯತ್ಯಾಸ ತಲೆಯಲ್ಲಿ ಇರಲಿ. ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಕೆಲವು ಗುಂಡುಗಳ ಗುಂಪು, ದೊಡ್ಡದಾಗುವುದು ಒಂದು ದೋಷ. ಗ್ರೂಪ್ ಚಿಕ್ಕದೇ ಇದ್ದು ಅದು ಇರುವ ಜಾಗವೇ ಬದಲಾಗುವುದು ಇನ್ನೊಂದು ದೋಷ. ಜನ ಮೊದಲನೆಯದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, 100 ಗಜಕ್ಕೆ ಒಂದು ಇಂಚು ಬೇಕು, ಮುಕ್ಕಾಲು ಇಂಚು ಬೇಕು ಅಂತ. ಆದರೆ ಜಿಂಕೆಗೆ ಎರಡು ಇಂಚಿನ ಗ್ರೂಪ್ ಧಾರಾಳ ಸಾಕು, ಅದು ಪ್ರತಿ ದಿನ, ಪ್ರತಿ ಹವೆಯಲ್ಲಿ, ಪ್ರತಿ ಭಂಗಿಯಲ್ಲಿ ಅದೇ ಜಾಗದಲ್ಲಿ ಇದ್ದರೆ. ಇವತ್ತು ಅರ್ಧ ಇಂಚಿನ ಗ್ರೂಪ್ ಕೊಟ್ಟು ನಾಳೆ ಅದನ್ನು ನಾಲ್ಕು ಇಂಚು ಆಚೆ ಕೊಡುವ ರೈಫಲ್ ನನಗೆ ಬೇಡ. ಈ ಎರಡನೆಯ ದೋಷಕ್ಕೆ ಸ್ಟಾಕ್ ಕಾರಣವಾಗಿರುವ ಸಾಧ್ಯತೆ ತುಂಬಾ ಇದೆ.

ಸ್ಟಾಕ್ ಮಾಡುವ ಕೆಲಸ

ಗುಂಡು ಹಾರಿದಾಗ ನಳಿಗೆ (ಬ್ಯಾರೆಲ್) ಕಂಪಿಸುತ್ತದೆ. ಪ್ರತಿ ಸಲ ಒಂದೇ ಥರ ಕಂಪಿಸಿದರೆ ಗುಂಡು ಒಂದೇ ಕಡೆ ಹೋಗುತ್ತದೆ. ನಳಿಗೆಯನ್ನು ಪಕ್ಕದಿಂದಲೋ ಕೆಳಗಿನಿಂದಲೋ ಏನಾದರೂ ಮುಟ್ಟುತ್ತಿದ್ದರೆ, ಆ ಒತ್ತಡ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಆಗುತ್ತಿದ್ದರೆ, ಗುಂಡೂ ಜಾಗ ಬದಲಿಸುತ್ತದೆ. ಇಷ್ಟೇ ತತ್ವ. ಸ್ಟಾಕ್ ಗುಂಡನ್ನು ಮುಟ್ಟುವುದಿಲ್ಲ. ಅದು ಆಕ್ಷನ್ ಅನ್ನು, ಅಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗವನ್ನು, ಹಿಡಿದುಕೊಳ್ಳುತ್ತದೆ, ನಳಿಗೆಯ ಕೆಳಗೆ ಚಾಚಿಕೊಂಡಿರುತ್ತದೆ. ಹಿಡಿತ ಸಡಿಲ ಇದ್ದರೆ ಒಂದು ತೊಂದರೆ, ಚಾಚಿದ ಭಾಗ ನಳಿಗೆಗೆ ತಾಗಿದರೆ ಇನ್ನೊಂದು.

ಮರದ ವಿಷಯ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಮಳೆಗಾಲದಲ್ಲಿ ಅಟ್ಟದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ತೆರೆಯುತ್ತಲೇ ಇರಲಿಲ್ಲ, ಮಾರ್ಚ್ ಬಂದರೆ ಅದೇ ಬಾಗಿಲು ಗಾಳಿಗೆ ಪಟಪಟ ಬಡಿಯುತ್ತಿತ್ತು. ಕೋವಿಯ ಮರವೂ ಅದೇ ಮರ. ಸೆಪ್ಟೆಂಬರ್ ಶುರುವಿಗೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದಾಗ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಮರ ಊದಿದೆಯೋ ಇಲ್ಲವೋ ಯಾರೂ ನೋಡುತ್ತಿರಲಿಲ್ಲ, ಅಷ್ಟು ಹತ್ತಿರಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. 200 ಗಜದಾಚೆ ಒಂದೇ ಗುಂಡು ಇಡಬೇಕಾದಾಗ ಮಾತ್ರ ಈ ಬಾಗಿಲಿನ ಕಥೆ ನೆನಪಾಗುತ್ತದೆ.

ಒಂದು ಲೆಕ್ಕ ನೋಡಿ. ಮರ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ, ಅಡ್ಡಕ್ಕೆ ಬದಲಾಗುತ್ತದೆ. ಹಸಿ ವಾಲ್‌ನಟ್ ಪೂರ್ತಿ ಒಣಗಿದರೆ ಅಡ್ಡಕ್ಕೆ 5ರಿಂದ 8 ಶೇಕಡ ಕುಗ್ಗುತ್ತದೆ. ಸ್ಟಾಕ್ ಮಾಡುವ ಮರ ಮೊದಲೇ ಒಣಗಿಸಿದ್ದು, ಆದರೂ ಸೆಕೆಯ ತಿಂಗಳಲ್ಲಿ 12 ಶೇಕಡ ಇರುವ ತೇವ ಹೀಟರ್ ಹಾಕಿದ ಮನೆಯಲ್ಲಿ 7ಕ್ಕೆ ಇಳಿಯಿತು ಅಂದುಕೊಳ್ಳಿ. 4 ಸೆಂಟಿಮೀಟರ್ ಅಗಲದ ಮರದಲ್ಲಿ ಅದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಒಂದು ಡಾಲರ್ ನೋಟಿನ ದಪ್ಪ 0.1 ಮಿಲಿಮೀಟರ್‌ಗೆ ಚೂರು ಜಾಸ್ತಿ. ಅಂದರೆ ನಾಲ್ಕೈದು ನೋಟಿನಷ್ಟು ಮರ ಸರಿಯಿತು. ಹೊರಗಡೆ ಮಾತ್ರ ಪಾಲಿಶ್ ಹಾಕಿ ನಳಿಗೆ ಕೂರುವ ತೋಡನ್ನು ಹಾಗೇ ಬರಿ ಮರ ಬಿಟ್ಟಿದ್ದರೆ ಇನ್ನೂ ಕಷ್ಟ. ಒಂದು ಮೈ ಬೇಗ ಒಣಗುತ್ತದೆ, ಇನ್ನೊಂದು ನಿಧಾನ, ಆಗ ಮರ ಬಾಗುತ್ತದೆ. ಹಾಸನದ ಹುಡುಗನ ರೈಫಲ್‌ನಲ್ಲಿ ಆಗಿದ್ದು ಇದೇ. ಎಡಗೈ ಹಿಡಿಯುವ ಮುಂಭಾಗ, ಅಂದರೆ ಫೋರ್‌ಎಂಡ್, ಬಲಕ್ಕೆ ಬಾಗಿ ಅದರ ಎಡ ಗೋಡೆ ನಳಿಗೆಯನ್ನು ಬಲಕ್ಕೆ ತಳ್ಳುತ್ತಿತ್ತು.

ಹಾಳೆ ಹೇಳುವುದನ್ನು ಮೊದಲು ಓದಿ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಗುರಿ ಹಾಳೆ ನೋಡಿ. ಐದು ಗುಂಡು ಹೊಡೆಯಿರಿ, ನಡುವೆ ನಳಿಗೆ ಆರಲು ಬಿಡಿ. ಮೂರು ಗುಂಡಿನ ಗ್ರೂಪ್ ನಂಬಬೇಡಿ, ಅದೃಷ್ಟಕ್ಕೆ ಮೂರು ಒಟ್ಟಿಗೆ ಬೀಳುವುದು ಸಾಮಾನ್ಯ. ತೋಟಾ ಹಿಂದೆ ಚೆನ್ನಾಗಿ ಹೊಡೆದಿದ್ದೇ ಇರಲಿ.

ಗ್ರೂಪ್ ಚಿಕ್ಕದೇ ಇದೆ ಆದರೆ ಪೂರ್ತಿ ಪಕ್ಕಕ್ಕೆ ಸರಿದಿದೆ, ಅದೂ ಹವೆ ಬದಲಾದ ಮೇಲೆ ಅಂದರೆ, ಮರ ಬಾಗಿ ತಾಗುತ್ತಿರಬಹುದು. ಸ್ಕೋಪ್ ಎಲ್ಲಾದರೂ ತಗುಲಿದ್ದರೂ ಹೀಗೇ ಕಾಣುತ್ತದೆ, ಅದನ್ನು ಬೇರ್ಪಡಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಗುಂಡುಗಳು ಒಂದರ ಮೇಲೊಂದು ಏಣಿಯ ಹಾಗೆ ಏರುತ್ತಾ ಹೋದರೆ, ನಳಿಗೆ ಬಿಸಿಯಾದಂತೆಲ್ಲ ಮೇಲಕ್ಕೆ ಹೋದರೆ, ಫೋರ್‌ಎಂಡ್ ತುದಿ ಕೆಳಗಿನಿಂದ ಒತ್ತುತ್ತಿದೆ ಅಂತ ಸಂಶಯ ಪಡಿ. ಎರಡು ಬೇರೆ ಬೇರೆ ಪುಟ್ಟ ಗ್ರೂಪ್ ಬಂದರೆ, ಎರಡು ಇಲ್ಲಿ ಮೂರು ಅಲ್ಲಿ, ಆಕ್ಷನ್ ಸ್ಟಾಕ್ ಒಳಗೆ ಎರಡು ಜಾಗದ ನಡುವೆ ಜರುಗುತ್ತಿದೆ, ಅಥವಾ ಸ್ಕೋಪ್‌ನ ಹಿಡಿತ ಸಡಿಲ. ಮೊದಲ ಗುಂಡು ಮಾತ್ರ ಆಚೆ ಬಿದ್ದು ಉಳಿದ ನಾಲ್ಕು ಒಟ್ಟಿಗೆ ಇದ್ದರೆ ಸ್ಟಾಕ್ ಬೈಯಬೇಡಿ, ನಳಿಗೆ ಒಳಗೆ ಎಣ್ಣೆ ಉಳಿದಿರಬಹುದು, ಒಣ ಬಟ್ಟೆ ಹಾಕಿ ಒರೆಸಿ ಮತ್ತೆ ನೋಡಿ.

ಇನ್ನೊಂದು ಲಕ್ಷಣ ಹಾಳೆಯಲ್ಲಿ ಕಾಣುವುದೇ ಇಲ್ಲ, ಕಾಡಿನಲ್ಲಿ ಕಾಣುತ್ತದೆ. ಮೇಜಿನ ಮೇಲೆ ಮರಳು ಚೀಲ ಇಟ್ಟು ಹೊಡೆದಾಗ ಸರಿ, ಮಚಾನಿನ ಕಂಬಿಯ ಮೇಲೆ ಇಟ್ಟು ಹೊಡೆದರೆ ತಪ್ಪು. ಇದು ನನಗೇ ಆಗಿದೆ. ನನ್ನ ಮೊದಲ ರೈಫಲ್ ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ನದು. ಮೇಜಿನಲ್ಲಿ ಚೀಲ ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ಹತ್ತಿರ ಇರುತ್ತಿತ್ತು, ಗ್ರೂಪ್ ಒಂದೂವರೆ ಇಂಚು. ಮಚಾನಿನಲ್ಲಿ ಫೋರ್‌ಎಂಡ್ ತುದಿಯನ್ನು ಕಂಬಿಗೆ ಒತ್ತಿ ಕೂತರೆ ಗುಂಡು ಮೂರು ಇಂಚು ಮೇಲೆ. ಆ ವರ್ಷ ಒಂದು ಜಿಂಕೆಯ ಬೆನ್ನ ಮೇಲಿನಿಂದ ಗುಂಡು ಹಾರಿಹೋಯಿತು, ರೋಮ ಮಾತ್ರ ಬಿದ್ದಿತ್ತು. ಎರಡು ಗಂಟೆ ಹುಡುಕಿದೆ, ರಕ್ತದ ಒಂದು ಹನಿಯೂ ಇರಲಿಲ್ಲ, ಅದು ಗಾಯವಾಗದೆ ಹೋಯಿತಲ್ಲ ಅಂತ ಇವತ್ತಿಗೂ ಸಮಾಧಾನ ಪಡುತ್ತೇನೆ. ಮನೆಗೆ ಬಂದು ರೈಫಲ್ ಖಾಲಿ ಮಾಡಿ ತುದಿಯನ್ನು ಮೇಜಿನ ಅಂಚಿಗೆ ಒತ್ತಿ ನೋಡಿದೆ. ಪ್ಲಾಸ್ಟಿಕ್ ಬಾಗಿ ನಳಿಗೆಗೆ ತಾಗುವುದು ಕಣ್ಣಿಗೇ ಕಂಡಿತು.

ಪರೀಕ್ಷೆ, ಒಂದೊಂದಾಗಿ

ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆದು ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ, ಆಮೇಲೆ ಬೋಲ್ಟ್ ಪೂರ್ತಿ ಹೊರಗೆ ತೆಗೆಯಿರಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಇದಾಗದೆ ಕೆಳಗಿನ ಯಾವುದನ್ನೂ ಮಾಡಬೇಡಿ.

ಮೊದಲು ಸ್ಕ್ರೂ. ದಿನಗಟ್ಟಲೆ ತಲೆ ಕೆಡಿಸಿಕೊಂಡ ಎಷ್ಟೋ ದೋಷ ಇಲ್ಲೇ ಮುಗಿದಿದ್ದನ್ನು ನೋಡಿದ್ದೇನೆ. ಸ್ಕೋಪ್ ರಿಂಗ್‌ನ ಸ್ಕ್ರೂ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ (ಬಿಗಿತದ ಅಳತೆ) ಬಿಗಿ ಇರಬೇಕು. ಆಕ್ಷನ್ ಅನ್ನು ಸ್ಟಾಕ್‌ಗೆ ಹಿಡಿಯುವ ಸ್ಕ್ರೂಗಳಿಗೆ ರೈಫಲ್ ಜೊತೆ ಬಂದ ಪುಸ್ತಕದಲ್ಲಿ ಅಂಕಿ ಇರುತ್ತದೆ, ಅದನ್ನೇ ಪಾಲಿಸಿ. ಅಂದಾಜಿಗೆ ಹೇಳುವುದಾದರೆ ಬರಿ ಮರಕ್ಕೆ 40ರ ಆಸುಪಾಸು, ಒಳಗೆ ಅಲ್ಯೂಮಿನಿಯಂ ಕಂಬ ಅಥವಾ ಬ್ಲಾಕ್ ಇದ್ದರೆ 60ರಿಂದ 65. ಬಿಗಿತ ಅಳೆಯುವ ಟಾರ್ಕ್ ಡ್ರೈವರ್ ಒಂದು ತಗೊಳ್ಳಿ, ಕೈ ಅಂದಾಜು ದಿನಕ್ಕೊಂದು ಥರ ಇರುತ್ತದೆ. ಮರ ಒಣಗಿ ಕುಗ್ಗಿದಾಗ ಈ ಸ್ಕ್ರೂಗಳು ತಾವಾಗಿಯೇ ಸಡಿಲವಾಗುತ್ತವೆ, ಯಾರೂ ತಿರುಗಿಸಿರುವುದಿಲ್ಲ, ಆದರೂ ಹಿಡಿತ ಹೋಗಿರುತ್ತದೆ. ಹಾಗಂತ ಸಿಕ್ಕಾಪಟ್ಟೆ ಬಿಗಿ ಮಾಡಿದರೆ ಮರ ಜಜ್ಜಿಹೋಗುತ್ತದೆ.

ವಿಂಚೆಸ್ಟರ್ ಮಾಡೆಲ್ 70 ಇರುವವರಿಗೆ ಒಂದು ಮಾತು. ಅದರಲ್ಲಿ ಮೂರು ಸ್ಕ್ರೂ ಇವೆ. ಮುಂದಿನದನ್ನು ಮೊದಲು ಬಿಗಿ ಮಾಡಿ, ಆಮೇಲೆ ಹಿಂದಿನದು, ನಡುವಿನದನ್ನು ಕೊನೆಗೆ, ಅಲ್ಲಾಡದಷ್ಟು ಮಾತ್ರ. ನಡುವಿನದು ಟ್ರಿಗರ್ ಗಾರ್ಡ್ ಹಿಡಿಯಲಿಕ್ಕೆ ಇರುವುದು. ಅದನ್ನು ಉಳಿದ ಎರಡರಷ್ಟೇ ಬಿಗಿ ಮಾಡಿದರೆ ಆಕ್ಷನ್ ನಡುವೆ ಬಾಗುತ್ತದೆ, ಒಳ್ಳೆಯ ರೈಫಲ್ ಕೆಟ್ಟದಾಗಿ ಹೊಡೆಯಲು ಶುರು ಮಾಡುತ್ತದೆ.

ಸ್ಕ್ರೂ ಸರಿ ಮಾಡಿದ ಮೇಲೆ ಹೋಗಿ ಐದು ಗುಂಡು ಹೊಡೆಯಿರಿ. ಇದು ತುಂಬಾ ಮುಖ್ಯ, ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಸಂಜೆ ಸ್ಕ್ರೂ ಬಿಗಿ ಮಾಡಿ, ತೋಡು ಕೆರೆದು, ತೋಟಾ ಬದಲಿಸಿ, ಸ್ಕೋಪ್ ತಿರುಗಿಸಿದರೆ, ಸರಿಹೋದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಕೆಟ್ಟಾಗ ಮತ್ತೆ ಕತ್ತಲೆಯಲ್ಲೇ ಕೈಯಾಡಿಸಬೇಕು.

ಸರಿಹೋಗಲಿಲ್ಲವಾ? ನೋಟಿನ ಪರೀಕ್ಷೆ ಮಾಡಿ. ಒಂದು ಡಾಲರ್ ನೋಟನ್ನು ನಳಿಗೆಯ ಕೆಳಗೆ ಸುತ್ತಿ ಫೋರ್‌ಎಂಡ್ ತುದಿಯಿಂದ ಹಿಂದಕ್ಕೆ ಎಳೆಯುತ್ತಾ ಬನ್ನಿ. ಹತ್ತು ರೂಪಾಯಿ ನೋಟಾದರೂ ಸರಿಯೇ. ಆಕ್ಷನ್ ಹತ್ತಿರದವರೆಗೂ ಜಾರುತ್ತಾ ಬಂದರೆ ನಳಿಗೆ ಯಾರ ತಂಟೆಗೂ ಹೋಗದೆ ತೇಲುತ್ತಿದೆ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಹುಡುಗನ ರೈಫಲ್‌ನಲ್ಲಿ ತುದಿಯಿಂದ ಎರಡು ಇಂಚು ಹಿಂದೆ, ಎಡಗಡೆ ಸಿಕ್ಕಿಕೊಂಡಿತು. ಸ್ಕೋಪ್ ನಿರಪರಾಧಿ ಅಂತ ನನಗೆ ಧೈರ್ಯ ಬಂದಿದ್ದು ಆಗ, ಎಡಗಡೆ ಒತ್ತಡ, ಬಲಗಡೆಗೆ ಗುಂಡು, ಎರಡೂ ತಾಳೆಯಾಯಿತು.

ನೋಟು ಜಾರಿತು ಅಂತ ಖುಷಿಪಟ್ಟು ನಿಲ್ಲಿಸಬೇಡಿ. ಇಲ್ಲೇ ತುಂಬಾ ಜನ ಮೋಸ ಹೋಗುವುದು. ಆ ನೋಟು ಜಾರಿದ್ದು ರೈಫಲ್ ಮೇಜಿನ ಮೇಲೆ ಸುಮ್ನೆ ಮಲಗಿದ್ದಾಗ. ಈಗ ಫೋರ್‌ಎಂಡ್ ಮತ್ತು ನಳಿಗೆಯನ್ನು ಒಂದೇ ಕೈಯಲ್ಲಿ ಹಿಡಿದು ಹಿಂಡಿ. ಬೈಪಾಡ್ (ಫೋರ್‌ಎಂಡ್ ಕೆಳಗೆ ಸಿಕ್ಕಿಸುವ ಎರಡು ಕಾಲು) ಹಾಕುವವರಾದರೆ ಬೈಪಾಡ್ ಮೇಲೆ ಇಟ್ಟು ಭುಜದಿಂದ ಮುಂದಕ್ಕೆ ಒತ್ತಿ. ಬೆಲ್ಟ್ ತೋಳಿಗೆ ಸುತ್ತಿ ಹೊಡೆಯುವವರಾದರೆ ಹಾಗೇ ಸುತ್ತಿ ಬಿಗಿಯಾಗಿ ಎಳೆದು ಹಿಡಿಯಿರಿ. ಇನ್ನೊಬ್ಬರು ಆಗ ನೋಟು ಎಳೆದು ನೋಡಲಿ. ಕಾಡಿನಲ್ಲಿ ಹೇಗೆ ಹಿಡಿಯುತ್ತೀರೋ ಹಾಗೆ ಹಿಡಿದಾಗಲೂ ಜಾರಿದರೆ ಮಾತ್ರ ಪಾಸು. ಮೆತ್ತಗಿನ ಪ್ಲಾಸ್ಟಿಕ್‌ಗೆ ಒಂದು ನೋಟಿನ ಸಂದು ಏನೇನೂ ಸಾಲದು, ಒಂದೂವರೆ ಎರಡು ಮಿಲಿಮೀಟರ್ ಬೇಕು.

ಮುಂದಿನದು ಬೆರಳಿನ ಪರೀಕ್ಷೆ. ರೈಫಲ್ ನೇರ ನಿಲ್ಲಿಸಿ, ಫೋರ್‌ಎಂಡ್ ತುದಿ ಮತ್ತು ನಳಿಗೆ ಸೇರುವ ಜಾಗದ ಮೇಲೆ ಬೆರಳ ತುದಿ ಇಡಿ, ಎರಡನ್ನೂ ಮುಟ್ಟುವ ಹಾಗೆ. ಇನ್ನೊಂದು ಕೈಯಲ್ಲಿ ಮುಂದಿನ ಆಕ್ಷನ್ ಸ್ಕ್ರೂ ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ನಳಿಗೆ ಸ್ಟಾಕ್‌ನಿಂದ ಸರಿಯುವುದು ಬೆರಳಿಗೆ ತಿಳಿಯುತ್ತಿದೆ ಅಂದರೆ ಆಕ್ಷನ್ ಕೂರುವ ಹಾಸು ಸಮ ಇಲ್ಲ, ಸ್ಕ್ರೂ ಬಿಗಿಯಾದಾಗ ಉಕ್ಕೇ ಬಾಗುತ್ತಿದೆ. ಡಯಲ್ ಇಂಡಿಕೇಟರ್ (ಸಣ್ಣ ಸರಿತ ಅಳೆಯುವ ಮುಳ್ಳಿನ ಉಪಕರಣ) ಇಟ್ಟು ಅಳೆಯುವವರು 0.05 ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ, 0.12 ದಾಟಿದರೆ ಬೆಡ್ಡಿಂಗ್ (ಆಕ್ಷನ್ ಕೂರುವ ಹಾಸನ್ನು ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿ ಸಮ ಮಾಡುವುದು) ಮಾಡಿಸಲೇಬೇಕು. ಎರಡು ಗ್ರೂಪ್ ಬರುವ ರೈಫಲ್‌ಗೆ ಈ ಪರೀಕ್ಷೆ ತಪ್ಪಿಸಬೇಡಿ.

ಆಕ್ಷನ್ ಹೊರಗೆ ತೆಗೆದಾಗ ರಿಕಾಯಿಲ್ ಲಗ್ ನೋಡಿ. ನಳಿಗೆಯ ಬುಡದಲ್ಲಿ ಕೆಳಕ್ಕೆ ಚಾಚಿದ ಉಕ್ಕಿನ ತುಂಡು ಅದು, ಕೋವಿ ಒದೆಯುವಾಗ ಆ ಒದೆತವನ್ನು ಸ್ಟಾಕ್‌ಗೆ ದಾಟಿಸುವುದು ಅದೇ. ಅದರ ಹಿಂದಿನ ಮೈಗೆ ದೀಪದ ಮಸಿ ಅಥವಾ ಲಿಪ್‌ಸ್ಟಿಕ್ ತೆಳ್ಳಗೆ ಹಚ್ಚಿ, ಆಕ್ಷನ್ ಕೂರಿಸಿ ಬಿಗಿ ಮಾಡಿ ಮತ್ತೆ ತೆಗೆಯಿರಿ. ಬಣ್ಣ ಮರದ ಮೇಲೆ ಪೂರ್ತಿ ಅಂಟಿದ್ದರೆ ಚೆನ್ನಾಗಿ ಕೂತಿದೆ. ಒಂದು ಮೂಲೆಯಲ್ಲಿ ಮಾತ್ರ ಅಂಟಿದ್ದರೆ ಪ್ರತಿ ಗುಂಡಿಗೂ ಆಕ್ಷನ್ ತಿರುಚಿಕೊಳ್ಳುತ್ತಿದೆ.

ಕೆರೆಯುವ ಮುಂಚೆ ಒಂದು ಉಪಾಯ

ನಳಿಗೆ ತೇಲಬೇಕು ಅಂದ ಕೂಡಲೇ ಉಪ್ಪುಕಾಗದ ಹಿಡಿದು ತೋಡು ಉಜ್ಜಲು ಕೂರಬೇಡಿ. ಕೆಲವು ರೈಫಲ್‌ಗಳ ಫೋರ್‌ಎಂಡ್ ತುದಿಯಲ್ಲಿ ಒಂದು ಉಬ್ಬು ಬೇಕೆಂದೇ ಬಿಟ್ಟಿರುತ್ತಾರೆ, ತೆಳು ನಳಿಗೆಗೆ ಸ್ವಲ್ಪ ಒತ್ತಡ ಕೊಟ್ಟರೆ ಚೆನ್ನಾಗಿ ಹೊಡೆಯಲಿ ಅಂತ. ಉಬ್ಬು ತೆಗೆದ ಮೇಲೆ ಗ್ರೂಪ್ ಕೆಟ್ಟರೆ ಮರ ವಾಪಸ್ ಬರುವುದಿಲ್ಲ.

ಹಾಗಾಗಿ ಮೊದಲು ತಾತ್ಕಾಲಿಕವಾಗಿ ತೇಲಿಸಿ. ವಿಸಿಟಿಂಗ್ ಕಾರ್ಡ್‌ನಿಂದ ಚಿಕ್ಕ ಚೂರು ಕತ್ತರಿಸಿ ಆಕ್ಷನ್ ಕೆಳಗೆ, ರಿಕಾಯಿಲ್ ಲಗ್ ಹಿಂದೆ ಇಡಿ. ಆಕ್ಷನ್ ಕೂದಲೆಳೆಯಷ್ಟು ಮೇಲೇಳುತ್ತದೆ, ನಳಿಗೆ ಬಿಡುಗಡೆಯಾಗುತ್ತದೆ. ಹೋಗಿ ಹೊಡೆಯಿರಿ. ಚೆನ್ನಾಗಿ ಹೊಡೆದರೆ ಆಗ ಧೈರ್ಯವಾಗಿ ಉಜ್ಜಿ. ಕೆಟ್ಟರೆ ಚೂರು ತೆಗೆದು ಎರಡು ಮಡಿಕೆ ಕಾರ್ಡನ್ನು ಫೋರ್‌ಎಂಡ್ ತುದಿಯಲ್ಲಿ ನಳಿಗೆಯ ಕೆಳಗೆ ಇಟ್ಟು ಹೊಡೆದು ನೋಡಿ, ಆ ನಳಿಗೆ ಒತ್ತಡ ಬಯಸುವ ಜಾತಿ ಇರಬಹುದು. ಖರ್ಚು ಒಂದು ಕಾರ್ಡು. ಈ ಚೂರುಗಳು ಪರೀಕ್ಷೆಗೆ ಮಾತ್ರ, ಅದರ ಮೇಲೆ ಬೇಟೆಗೆ ಹೋಗಬೇಡಿ.

ಉಜ್ಜುವಾಗ ನಳಿಗೆಗಿಂತ ಸ್ವಲ್ಪ ದಪ್ಪದ ಗುಂಡನೆಯ ಕೋಲಿಗೆ ಉಪ್ಪುಕಾಗದ ಸುತ್ತಿ. ಅವಸರ ಬೇಡ, ಎರಡು ಕಡೆ ಸಮ ನೋಡಿಕೊಂಡು ಹೋಗಿ. ಮುಗಿದ ಮೇಲೆ ಆ ಬರಿ ಮರವನ್ನು ಹಾಗೇ ಬಿಟ್ಟರೆ ಮಾಡಿದ ಕೆಲಸ ಎಲ್ಲ ದಂಡ. ಪಾಲಿಯುರಿಥೇನ್ ವಾರ್ನಿಶ್ ಎರಡು ಮೂರು ಸಲ ತೆಳ್ಳಗೆ ಹಚ್ಚಿ. ತೋಡು, ಆಕ್ಷನ್ ಕೂರುವ ಜಾಗ, ಸ್ಕ್ರೂ ತೂತು, ಹಿಂಬದಿಯ ರಬ್ಬರ್ ಪ್ಯಾಡ್ ತೆಗೆದರೆ ಕಾಣುವ ಮರದ ಕೊನೆ, ಎಲ್ಲ ಕಡೆ. ತೇವ ಹೆಚ್ಚು ನುಗ್ಗುವುದು ಈ ಕಣ್ಣಿಗೆ ಕಾಣದ ಜಾಗಗಳಿಂದಲೇ.

ಎಪಾಕ್ಸಿ ಬೆಡ್ಡಿಂಗ್ ಮನೆಯಲ್ಲೇ ಮಾಡಬಹುದು, ಆದರೆ ಮೊದಲ ಸಲ ಗೊತ್ತಿರುವವರ ಜೊತೆ ಕೂತು ಮಾಡಿ. ಉಕ್ಕಿಗೆ ಮೇಣದ ಬೂಟ್ ಪಾಲಿಶ್ ಎರಡು ಪದರ ಹಚ್ಚದೆ ಎಪಾಕ್ಸಿಗೆ ಕೂರಿಸಿದರೆ ಆಕ್ಷನ್ ಸ್ಟಾಕ್‌ಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ತೂತುಗಳಿಗೆಲ್ಲ ಜೇಡಿಮಣ್ಣಿನಂಥ ಮಾಡೆಲಿಂಗ್ ಕ್ಲೇ ತುಂಬಿ. ಲಗ್‌ನ ಮುಂದೆ, ಪಕ್ಕಗಳಲ್ಲಿ ಮತ್ತು ಅಡಿಯಲ್ಲಿ ಟೇಪ್ ಅಂಟಿಸಿ, ಹಿಂದಿನ ಮೈಗೆ ಬೇಡ, ಒದೆತ ತಡೆಯಬೇಕಾದ್ದು ಅದೊಂದೇ ಮೈ.

ಮೆತ್ತಗಿನ ಪ್ಲಾಸ್ಟಿಕ್ ಫೋರ್‌ಎಂಡ್ ಗಟ್ಟಿ ಮಾಡಲು ಅದರೊಳಗಿನ ಪೊಳ್ಳಿನಲ್ಲಿ ಕಾರ್ಬನ್ ಫೈಬರ್ ಕಡ್ಡಿ ಇಟ್ಟು ಎಪಾಕ್ಸಿ ಹೊಯ್ಯುತ್ತಾರೆ. ಆದರೆ ಕೆಲವು ಪ್ಲಾಸ್ಟಿಕ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ, ಒರಟಾಗಿ ಗೀರಿ ಸಣ್ಣ ತೂತು ಕೊರೆದು ಕಚ್ಚಿಕೊಳ್ಳುವ ಹಾಗೆ ಮಾಡಬೇಕು. ನಾನು ನನ್ನದಕ್ಕೆ ಹೀಗೇ ಮಾಡಿದೆ, ಮೂರು ಇಂಚಿನ ತಪ್ಪು ಒಂದು ಇಂಚಿಗೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಆಮೇಲೆ ಸ್ಟಾಕ್ ಬದಲಿಸಿದೆ.

ಹೊಸದು ತಗೊಳ್ಳುವವರಿಗೆ

ಎಲ್ಲರೂ ಮೊದಲು ಕೇಳುವುದು ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ ಅಂತ. .243, 6.5 ಕ್ರೀಡ್‌ಮೂರ್, .270, .308, .30-06, ಯಾವುದಾದರೂ ಬಿಳಿಬಾಲದ ಜಿಂಕೆಗೆ ಸಾಕು. .30-06 ಬಂದಿದ್ದು 1906ರಲ್ಲಿ, 6.5 ಕ್ರೀಡ್‌ಮೂರ್ 2007ರಲ್ಲಿ, ನೂರು ವರ್ಷದ ಅಂತರ ಇದ್ದರೂ ಜಿಂಕೆಗೆ ದೊಡ್ಡ ವ್ಯತ್ಯಾಸ ಇಲ್ಲ. ಒದೆತ ಕಡಿಮೆ ಇರುವುದನ್ನು ಆರಿಸಿ, ಹೆದರದೆ ಟ್ರಿಗರ್ ಎಳೆಯುತ್ತೀರಿ. ಕೆಲವು ರಾಜ್ಯಗಳಲ್ಲಿ, ಉದಾಹರಣೆಗೆ ಒಹಾಯೊದಲ್ಲಿ, ಜಿಂಕೆಗೆ ರೈಫಲ್ ಬಳಸುವುದಾದರೆ ನೇರ ಗೋಡೆಯ ತೋಟಾದ್ದು (ತೋಟಾದ ಕೊಳವೆ ಬಾಯಿಯ ಹತ್ತಿರ ಕತ್ತಿನಂತೆ ಕಿರಿದಾಗದ್ದು) ಮಾತ್ರ ಬಳಸಬಹುದು, ನಿಮ್ಮ ರಾಜ್ಯದ ನಿಯಮ ಓದಿ.

ಸ್ಟಾಕ್ ವಿಷಯಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಕೊಡಿ. ಒಂದೇ ಮರದ ತುಂಡಿನಿಂದ ಕೆತ್ತಿದ ವಾಲ್‌ನಟ್ ನೋಡಲು ಚೆಂದ, ಚಳಿಯಲ್ಲಿ ಕೈಗೂ ಹಿತ. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೆ ಅದನ್ನು ಸಾಕಬೇಕು, ಪ್ರತಿ ವರ್ಷ ಸೀಲ್ ನೋಡಬೇಕು, ಸೀಸನ್ ಹತ್ತಿರ ಬಂದಾಗ ಮತ್ತೆ ಗುರಿ ಪರೀಕ್ಷಿಸಬೇಕು. ಅಷ್ಟು ಪುರುಸೊತ್ತು ಇಲ್ಲದವರಿಗೆ ಲ್ಯಾಮಿನೇಟ್ ಒಳ್ಳೆಯದು. ತೆಳು ಮರದ ಹಾಳೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು, ಒಂದು ಹಾಳೆ ಬಾಗಲು ಹೋದರೆ ಪಕ್ಕದ್ದು ಹಿಡಿದುಕೊಳ್ಳುತ್ತದೆ. ಇದು ಹೊಸ ಸಂಗತಿಯೂ ಅಲ್ಲ, ಎರಡನೇ ಮಹಾಯುದ್ಧದ ಜರ್ಮನ್ ಮೌಸರ್ 98ಕೆ ರೈಫಲ್‌ಗಳಲ್ಲಿ ತುಂಬಾ ರೈಫಲ್ ಲ್ಯಾಮಿನೇಟ್ ಸ್ಟಾಕ್‌ನವೇ. ತೂಕ ಜಾಸ್ತಿ, ದಿನವಿಡೀ ಹೆಗಲ ಮೇಲೆ ಹೊತ್ತು ನಡೆಯುವವರಿಗೆ ಕಷ್ಟ. ಮಚಾನಿನಲ್ಲಿ ಕೂರುವವರಿಗೆ ತೂಕ ತೊಂದರೆ ಅಲ್ಲ, ಒದೆತವೂ ಕಡಿಮೆ ಅನ್ನಿಸುತ್ತದೆ.

ಸಿಂಥೆಟಿಕ್ ಅಂತ ಒಂದೇ ಹೆಸರಿನಲ್ಲಿ ಮಾರುವುದರಲ್ಲಿ ಎರಡು ಬೇರೆ ಬೇರೆ ಜಾತಿ ಇವೆ. ಅಚ್ಚಿಗೆ ಪ್ಲಾಸ್ಟಿಕ್ ಹೊಯ್ದು ಮಾಡಿದ್ದು ಒಂದು. ಫೈಬರ್‌ಗ್ಲಾಸ್ ಅಥವಾ ಕಾರ್ಬನ್ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ರಾಳದಲ್ಲಿ ಕೂರಿಸಿ ಮಾಡಿದ್ದು ಇನ್ನೊಂದು. ಎರಡಕ್ಕೂ ಮಳೆ, ಹಿಮದ ಭಯ ಇಲ್ಲ. ಆದರೆ ಎರಡನೆಯದು ಕಲ್ಲಿನ ಹಾಗೆ ಗಟ್ಟಿ, ಬೆಲೆಯೂ ಹಾಗೇ. ಮೊದಲನೆಯದರಲ್ಲಿ ಒಳ್ಳೆಯದೂ ಇದೆ, ರಬ್ಬರಿನ ಹಾಗೆ ಬಳುಕುವುದೂ ಇದೆ. ಒಳಗೆ ಅಲ್ಯೂಮಿನಿಯಂ ಬ್ಲಾಕ್ ಇದ್ದರೆ ಆಕ್ಷನ್ ಹಿಡಿತದ ತೊಂದರೆ ಹೋಗುತ್ತದೆ, ಫೋರ್‌ಎಂಡ್ ಬಳುಕುವುದು ಮಾತ್ರ ಹೋಗದಿರಬಹುದು. ಅಂಗಡಿಯವರ ಅನುಮತಿ ಕೇಳಿ, ಖಾಲಿ ರೈಫಲ್‌ನ ಫೋರ್‌ಎಂಡ್ ಮತ್ತು ನಳಿಗೆಯನ್ನು ಹಿಂಡಿ ನೋಡಿ. ಸಂದು ಮುಚ್ಚಿಕೊಂಡರೆ ಅದನ್ನು ಅಲ್ಲೇ ಇಡಿ. ಆಮೇಲೆ ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಇಟ್ಟು ಕಣ್ಣು ತೆರೆಯಿರಿ. ಸ್ಕೋಪ್ ಪೂರ್ತಿ ಕಾಣಬೇಕು. ಕತ್ತು ಎತ್ತಿ ಹುಡುಕಬೇಕಾದರೆ ಆ ಸ್ಟಾಕ್ ನಿಮ್ಮ ಅಳತೆಗೆ ಇಲ್ಲ, ದಪ್ಪ ಜಾಕೆಟ್ ಹಾಕಿದಾಗ ಇನ್ನೂ ಕೆಡುತ್ತದೆ. ನಮ್ಮಲ್ಲಿ ಹಲವರಿಗೆ ಇಲ್ಲಿನ ಸ್ಟಾಕ್ ಉದ್ದ ಜಾಸ್ತಿ ಅನ್ನಿಸುತ್ತದೆ. ಹಿಂದೆ ತುಂಡು ಸೇರಿಸಿ ತೆಗೆದು ಉದ್ದ ಹೊಂದಿಸುವಂಥದ್ದು ಸಿಗುತ್ತದೆ, ಕೇಳಿ.

ಕೊನೆಯ ಪರೀಕ್ಷೆ

ದುರಸ್ತಿ ಆಯಿತು ಅಂತ ಒಂದೇ ದಿನ ಇಪ್ಪತ್ತು ಗುಂಡು ಹೊಡೆದು ಖುಷಿಪಡುವುದರಿಂದ ಏನೂ ತಿಳಿಯುವುದಿಲ್ಲ. ಕಾಡಿನಲ್ಲಿ ನಿಮಗೆ ಸಿಗುವುದು ತಣ್ಣಗಿನ ನಳಿಗೆಯಿಂದ ಒಂದು ಗುಂಡು. ಅದನ್ನೇ ಪರೀಕ್ಷಿಸಿ. ರೈಫಲ್ ಅನ್ನು ರಾತ್ರಿ ಬಿಸಿ ಮನೆಯೊಳಗೆ ತರಬೇಡಿ, ಬೀಗ ಹಾಕಿದ ಗ್ಯಾರೇಜಿನ ಚಳಿಯಲ್ಲೇ ಬೀಗದ ಪೆಟ್ಟಿಗೆಯಲ್ಲಿ ಇಡಿ, ಒಳಗೆ ತಂದರೆ ಉಕ್ಕಿನ ಮೇಲೆಲ್ಲ ನೀರು ಕೂರುತ್ತದೆ. ಬೆಳಿಗ್ಗೆ ಹೋಗಿ ಗುರಿ ಹಾಳೆಗೆ ಒಂದೇ ಒಂದು ಗುಂಡು. ಹಾಳೆ ತೆಗೆದು ಜೋಪಾನ ಮಾಡಿ. ಇನ್ನೊಂದು ದಿನ ಅದೇ ಹಾಳೆಗೆ ಇನ್ನೊಂದು, ಮೂರನೇ ದಿನ ಮತ್ತೊಂದು. ಮೇಜಿನ ಮರಳು ಚೀಲದ ಮೇಲಲ್ಲ, ಬೇಟೆಯಲ್ಲಿ ಹೇಗೆ ಕೂರುತ್ತೀರೋ ಹಾಗೆ. ಮೂರೂ ಮೂರು ಇಂಚಿನೊಳಗೆ ಬಿದ್ದರೆ ಆ ರೈಫಲ್ ತಗೊಂಡು ಹೋಗಬಹುದು. ಬೀಳದಿದ್ದರೆ, ಸ್ಟಾಕ್ ಮೇಲಿನ ಎಲ್ಲ ಪರೀಕ್ಷೆ ಪಾಸಾಗಿದ್ದರೆ, ಆಗ ಸ್ಕೋಪ್ ಬದಲಿಸಿ ನೋಡಿ, ನಳಿಗೆಯ ಬಾಯಿಯ ಅಂಚಿನಲ್ಲಿ ಪೆಟ್ಟು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಕೋವಿ ರಿಪೇರಿ ಮಾಡುವವರ ಹತ್ತಿರ ಹೋಗಿ, ಈ ಹಾಳೆಗಳನ್ನೂ ತಗೊಂಡು ಹೋಗಿ.

ಹುಡುಗನ ರೈಫಲ್‌ನ ತೋಡನ್ನು ನಾವಿಬ್ಬರೂ ಒಂದು ಭಾನುವಾರ ಉಜ್ಜಿದೆವು. ಎಡ ಗೋಡೆಯಿಂದ ಒಂದು ಮಿಲಿಮೀಟರ್ ಹೋಯಿತು. ಮೂರು ಸಲ ವಾರ್ನಿಶ್ ಹಚ್ಚಿ ಒಣಗಲು ಬಿಟ್ಟು, ಸ್ಕೋಪ್ ಅನ್ನು ಮುಟ್ಟದೆಯೇ ರೇಂಜ್‌ಗೆ ಹೋದೆವು. ನಾಲ್ಕು ಇಂಚಿನಲ್ಲಿ ಮುಕ್ಕಾಲು ಪಾಲು ತಾನಾಗಿಯೇ ವಾಪಸ್ ಬಂದಿತ್ತು, ಉಳಿದ ಒಂದು ಇಂಚನ್ನು ಸ್ಕೋಪ್‌ನಲ್ಲಿ ತಿರುಗಿಸಿದ. ಮೂರು ಬೆಳಿಗ್ಗೆಯ ಹಾಳೆಯ ಫೋಟೋ ಸೀಸನ್‌ನ ಹಿಂದಿನ ದಿನ ಶುಕ್ರವಾರ ಕಳಿಸಿದ. ಮೂರು ತೂತಿನ ಮೇಲೂ ಒಂದು ಚಿಕ್ಕ ಲೋಟ ಬೋರಲು ಹಾಕಿದರೆ ಮುಚ್ಚಿಹೋಗುವಷ್ಟು. ಫರ್ನೇಸ್ ಪಕ್ಕದ ಕಪಾಟಿನಲ್ಲಿ ಈಗ ಅವನು ಬೂಟು ಇಡುತ್ತಾನೆ.